ಒಂದೇ ಪಾತ್ರೆಯ ಊಟ, ಇಬ್ಬರ ಮುಟ್ಟು

ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವ ತಂಗಿಗೆ ಮುಟ್ಟು ನಿಂತು ತಿಂಗಳುಗಳೇ ಕಳೆದಿದ್ದವು. ಅದೇ ಮನೆಯಲ್ಲಿ ಅದೇ ಪಾತ್ರೆಯ ಬೇಳೆ, ಸೊಪ್ಪು ಉಣ್ಣುವ ಅಕ್ಕನಿಗೋ ನಿಲ್ಲುವ ಮಾತೇ ಇರಲಿಲ್ಲ. ಹಾಸಿಗೆ ಬಟ್ಟೆ ಒಗೆದೂ ಒಗೆದೂ ಸುಸ್ತಾಗಿದ್ದಳು. ತಲೆತಲಾಂತರದಿಂದ ಮಾಂಸ, ಮೊಟ್ಟೆ ತಿನ್ನದ ಮನೆ. ಅಮ್ಮನಿಗೆ ತಲೆಬುಡ ತಿಳಿಯಲಿಲ್ಲ.

"ಒಂದೇ ಒಲೆ, ಒಂದೇ ಸೌಟು. ಒಬ್ಬಳಿಗೆ ಬರಗಾಲ, ಇನ್ನೊಬ್ಬಳಿಗೆ ನೆರೆ. ನಾನೇನು ಬೇರೆ ಬೇರೆ ಅಡುಗೆ ಮಾಡ್ತೀನಾ?"

ಪಕ್ಕದ ಮನೆಯಾಕೆ ಮೊಟ್ಟೆ ತಿನ್ನಲು ಹೇಳಿದಳು. ಚಿಕ್ಕಮ್ಮ ಸೋಯಾ ಬಿಡು ಎಂದಳು. ವಾರ ಕಳೆದು ಅವಳೇ ಸೋಯಾ ತಿನ್ನು ಎಂದಳು. ಶಾಲೆಯ ಯಜಮಾನರು, "ಮದುವೆಯಾದ್ರೆ ಎಲ್ಲಾ ಸರಿಹೋಗತ್ತಮ್ಮ" ಎಂದರು. ತಂಗಿ ಎಲ್ಲರಿಗೂ ಹೂಂಗುಟ್ಟಿದಳು. ಯಾರ ಮಾತು ಹಿಡಿಯಬೇಕು, ಯಾರದು ಬಿಡಬೇಕು, ಒಂದೂ ಹೊಳೆಯಲಿಲ್ಲ.

ಒಂದು ಮಧ್ಯಾಹ್ನ, ಹೊಸದಾಗಿ ಕಲಿಯುತ್ತಿದ್ದ ಹೆಂಗಸು ಕಾರನ್ನು ಹಿಂದಕ್ಕೆ ತೆಗೆಯುತ್ತಿದ್ದಾಗ ತಂಗಿಗೆ ಕಣ್ಣು ಕತ್ತಲೆ ಬಂತು. ಕಾರು ಗೋಡೆಗೆ ಹೋಗಿ ತಾಗಿತು.

"ಮೇಡಂ, ಬ್ರೇಕು ನಿಮ್ಮ ಕಾಲ ಹತ್ರಾನೂ ಇದೆ ಅಂದಿದ್ರಲ್ಲ!"

ಸಂಜೆ ಅಕ್ಕ ಅವಳನ್ನು ವೈದ್ಯೆಯ ಬಳಿಗೆ ಎಳೆದೊಯ್ದಳು. "ಇವತ್ತು ಏನೇನು ತಿಂದಿದೀರಿ?" ಎಂದು ವೈದ್ಯೆ ಕೇಳಿದಾಗ ತಂಗಿ ಬೆರಳು ಮಡಚಿ ಎಣಿಸತೊಡಗಿದಳು. ಬೆಳಿಗ್ಗೆ ಚಹಾ. ಮಧ್ಯಾಹ್ನ ಪಾಠ. ದಿನಾ ಪಾಠ ಮುಗಿಸಿ ಮೈದಾನದಲ್ಲಿ ಸಾಕಾಗುವವರೆಗೂ ಓಟ.

"ಊಟ ಆಯ್ತು ಅಂತ ದಿನಾ ಹೇಳ್ತಿದ್ದೆಯಲ್ಲೇ?" ಅಕ್ಕ ದಂಗಾದಳು.

"ಮಾಡಿರ್ತೀನಿ ಅಂದ್ಕೊಂಡಿದ್ದೆ ಕಣೇ." ಅದು ಸುಳ್ಳೋ ನಿಜವೋ ಅವಳಿಗೇ ಗೊತ್ತಾಗಲಿಲ್ಲ.

ಇಬ್ಬರ ರಕ್ತಪರೀಕ್ಷೆಯಾಯಿತು, ಸ್ಕ್ಯಾನೂ ಆಯಿತು. ಅಕ್ಕನ ಗರ್ಭಕೋಶದಲ್ಲಿ ಗಡ್ಡೆಯಿತ್ತು. ಅದರಿಂದಲೇ ಅಷ್ಟೊಂದು ರಕ್ತಸ್ರಾವ. ತಂಗಿಯಲ್ಲಿ ಬೇರೆ ದೋಷವೇನೂ ಕಾಣಲಿಲ್ಲ.

"ಸೊಪ್ಪು, ಕಾಳಿನ ತಪ್ಪಲ್ಲ ಇದು," ಎಂದರು ವೈದ್ಯೆ. "ನೀವು ಓಡೋ ಓಟಕ್ಕೆ ತಿನ್ನೋದು ಸಾಲ್ತಿಲ್ಲ. ಹೊಟ್ಟೆ ತುಂಬ ತಿನ್ನಿ, ಓಟ ಕಡಿಮೆ ಮಾಡಿ. ನಿಮ್ಮಕ್ಕನಿಗೆ ಬೇರೆ ಚಿಕಿತ್ಸೆ ಬೇಕು."

ಶಸ್ತ್ರಚಿಕಿತ್ಸೆಯಾಗಿ ಅಕ್ಕ ಚೇತರಿಸಿಕೊಂಡಳು. ತಂಗಿ ಪಾಠಗಳ ನಡುವೆ ಕಾರಿನಲ್ಲೇ ಕುಳಿತು ಡಬ್ಬಿಯೂಟ ಮಾಡತೊಡಗಿದಳು. ತಿಂಗಳುಗಳು ಕಳೆದು, ಒಂದು ದಿನ ಸಿಗ್ನಲ್ಲಿನಲ್ಲಿ ಕಾರು ನಿಂತಿದ್ದಾಗ ಅವಳಿಗೆ ಗೊತ್ತಾಯಿತು. ಪಾಠ ಮುಗಿದ ಕೂಡಲೇ ಅಕ್ಕನಿಗೆ ಫೋನ್ ಮಾಡಿದಳು.

"ಬಂತು ಕಣೇ."

"ಯಾರೇ ಬಂದ್ರು?"

ತಂಗಿಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ಖುಷಿಯೋ ಭಯವೋ ಹೇಳಲು ಬರಲಿಲ್ಲ. ಇನ್ನು ಮುಂದೆ ಮುಟ್ಟು ತಪ್ಪದೆ ಬರುತ್ತದೆಯೇ? ಅದಕ್ಕೆ ವೈದ್ಯೆಯೂ, "ನೋಡೋಣ" ಎಂದಷ್ಟೇ ಹೇಳಿದ್ದರು.

ಮುಂದಿನ ಪಾಠದ ಹುಡುಗಿ ಕಿಟಕಿ ತಟ್ಟಿದಳು. "ಊಟ ಮಾಡ್ಬಿಡ್ತೀನಿ, ಇರಮ್ಮ," ಎಂದು ತಂಗಿ ಡಬ್ಬಿ ತೆರೆದಳು. ಹಸಿವಾಗಿದೆಯೋ ಇಲ್ಲವೋ ಅವಳಿಗೆ ಇನ್ನೂ ಸರಿಯಾಗಿ ತಿಳಿಯುತ್ತಿರಲಿಲ್ಲ. ಆದರೂ ಉಂಡಳು.