ಒಂದು ಗಂಟೆಯ ಗುಂಪು

ಗಂಟೆ ಹೊಡೆದರೂ ನಿಲ್ಡಾ ಬಾರಿಯೋಸ್ ಯಂತ್ರದ ಮುಂದಿನಿಂದ ಏಳಲಿಲ್ಲ.

"ಸೆನ್ಯೋರಾ, ನಿಮ್ಮ ಹೊತ್ತು ಮುಗೀತು," ಎಂದ ಸುಬಿಯಾಗಾ. ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗದಿಂದ ಬಂದವನು ಅವನು. ಕೈಯಲ್ಲಿ ಯಾವಾಗಲೂ ಒಂದು ಸ್ಟಾಪ್‌ವಾಚು.

"ಮುಗೀಲಿ ಬಿಡಿ," ಎಂದಳು ನಿಲ್ಡಾ, ತಲೆ ಎತ್ತದೆ.

ಮೊಂತೆವಿದೆಯೊ ಬಂದರಿನ ಹಿಂದಿನ ಬೀದಿಯ ಆ ವಿಮಾ ಕಂಪನಿಯಲ್ಲಿ ಅವಳು ಮದುವೆಗೆ ಮುಂಚಿನಿಂದಲೂ ಶಾಯಿಯಲ್ಲಿ ಪಾಲಿಸಿ ಬರೆದವಳು. ಆ ವರ್ಷ ಕಂಪನಿ ಪಂಚ್ ಕಾರ್ಡ್ ಯಂತ್ರಗಳನ್ನು ತರಿಸಿತು. ಕೀಲಿ ಒತ್ತಿದರೆ ಕಾರ್ಡಿನಲ್ಲಿ ತೂತು ಬೀಳುತ್ತದೆ. ತಪ್ಪು ತೂತನ್ನು ಮುಚ್ಚಲು ಬರುವುದಿಲ್ಲ, ಇಡೀ ಕಾರ್ಡೇ ಬುಟ್ಟಿಗೆ. ಪರೀಕ್ಷೆಯಲ್ಲಿ ಗೆದ್ದವರಿಗೆ ಯಂತ್ರ, ಸೋತವರಿಗೆ ಮನೆ ಎಂದು ಮ್ಯಾನೇಜರ್ ಲಾಮಾಸ್ ಮೊದಲ ದಿನವೇ ಹೇಳಿಬಿಟ್ಟಿದ್ದ. ನಿಲ್ಡಾಳ ಗಂಡ ಎದೆ ಕೆಟ್ಟು ಮಲಗಿದ್ದ. ಅವಳ ಸಂಬಳ ನಿಂತರೆ ಮನೆ ನಡೆಯುವಂತಿರಲಿಲ್ಲ.

ಕಲಿಸುವ ಕೆಲಸವನ್ನು ಸುಬಿಯಾಗಾ ತಾನಾಗಿಯೇ ಕೇಳಿ ಪಡೆದಿದ್ದ. ಕೈಗೆ ಒಂದು ವಿದ್ಯೆ ಹತ್ತುವುದು ದಿನಾ ಸ್ವಲ್ಪ ಸ್ವಲ್ಪ ಮಾಡುವುದರಿಂದಲೋ, ಒಂದೇ ಪಟ್ಟು ಹಿಡಿದು ಮಾಡುವುದರಿಂದಲೋ ಎಂದು ತಿಳಿಯುವುದು ಅವನ ಸಂಶೋಧನೆ. ಚೀಟಿ ಎತ್ತಿ ಹೆಂಗಸರನ್ನು ಎರಡು ಪಾಲು ಮಾಡಿದ. ಒಂದು ಗುಂಪಿಗೆ ದಿನಕ್ಕೆ ಒಂದು ಗಂಟೆ, ಇನ್ನೊಂದಕ್ಕೆ ಅದೇ ಯಂತ್ರಗಳ ಮೇಲೆ ನಾಲ್ಕು ಗಂಟೆ. ನಿಲ್ಡಾಳಿಗೆ ಬಂದದ್ದು ಒಂದು ಗಂಟೆಯ ಚೀಟಿ.

ಅಂದಿನಿಂದ ಮಾಟೆ ಎಲೆಯ ಕಷಾಯ ಕುಡಿಯುವ ಹೊತ್ತಿನಲ್ಲೆಲ್ಲ ಅದೇ ಕುಹಕ. ನಾಲ್ಕು ಗಂಟೆಯ ಗುಂಪಿನ ಒಫೇಲಿಯಾ ಬಿಸಿನೀರಿನ ಫ್ಲಾಸ್ಕನ್ನು ಕಂಕುಳಲ್ಲಿ ಇರುಕಿಕೊಂಡು, "ಏನೇ ನಿಲ್ಡಾ, ಕುರ್ಚಿ ಬೆಚ್ಚಗೆ ಮಾಡಿ ಎದ್ದು ಬಂದ್ಯಾ? ನಾವೆಲ್ಲ ಆಗ್ಲೇ ಇಡೀ ಕಾರ್ಡು ಹೊಡೀತಿದೀವಿ ಕಣೇ!" ಎನ್ನುತ್ತಿದ್ದಳು. ನಿಲ್ಡಾ ನಕ್ಕುಬಿಡುತ್ತಿದ್ದಳು. ಕಡೆಗೆ ಎರಡೂ ಗುಂಪಿಗೆ ಒಟ್ಟು ಒಂದೇ ಸಮನಾದ ಗಂಟೆಗಳ ಅಭ್ಯಾಸ ಸಿಗುತ್ತದೆ, ಆಮೇಲೆಯೇ ಪರೀಕ್ಷೆ ಎಂದು ಸುಬಿಯಾಗಾ ಮಾತು ಕೊಟ್ಟಿದ್ದ.

ಆದರೆ ಇವತ್ತು ಬೆಳಿಗ್ಗೆ ಲಾಮಾಸ್ ಕೆಳಗಿಳಿದು ಬಂದು, ಬರುವ ಶುಕ್ರವಾರ ಎಲ್ಲರಿಗೂ ಪರೀಕ್ಷೆ ಎಂದು ಸಾರಿ ಹೋದ. ಸುಬಿಯಾಗಾ ಅಲ್ಲೇ ಇದ್ದ. ಬಾಯಿ ಬಿಡಲಿಲ್ಲ.

ಈಗ ಅವನು ಕುರ್ಚಿಯ ಪಕ್ಕ ಬಗ್ಗಿ ಪಿಸುಗುಟ್ಟಿದ. "ದಯವಿಟ್ಟು ಏಳಿ. ಲೆಕ್ಕವೆಲ್ಲ ಕೆಡುತ್ತೆ. ಗಂಟೆಗೆ ಗಂಟೆ ಹಿಡಿದು ನೋಡಿದ್ರೆ ನಿಮ್ಮ ಗುಂಪೇ ಚೆನ್ನಾಗಿ ಕಲೀತಿದೆ. ನಕ್ಷೆಯಲ್ಲಿ ಎಷ್ಟು ಚಂದದ ರೇಖೆ ಬರ್ತಿದೆ ಗೊತ್ತಾ?"

"ಆ ರೇಖೆ ಲಾಮಾಸ್ ಕಣ್ಣಿಗೆ ಬೀಳುತ್ತೇನ್ರೀ? ಅವನು ನೋಡೋದು ಕ್ಯಾಲೆಂಡರ್ ಮಾತ್ರ! ಬೆಳಿಗ್ಗೆ ಯಾಕೆ ಬಾಯಿಗೆ ಬೀಗ ಹಾಕ್ಕೊಂಡಿದ್ರಿ?"

"ಎದುರು ಮಾತಾಡಿದ್ರೆ ಸಂಶೋಧನೆಯನ್ನೇ ನಿಲ್ಲಿಸಿಬಿಡ್ತಾರೆ..."

"ಓಹೋ! ನಿಮ್ಮದು ನಿಲ್ಲಬಾರದು. ನಮ್ಮ ಮನೆ ಒಲೆ ನಿಂತ್ರೆ ಚಿಂತೆಯಿಲ್ಲ!"

ಪಕ್ಕದ ಯಂತ್ರಗಳ ಹೆಂಗಸರೂ ಏಳಲಿಲ್ಲ. ಬಾಗಿಲಲ್ಲಿ ನಾಲ್ಕು ಗಂಟೆಯ ಗುಂಪು ಬಂದು ನಿಂತಿತ್ತು.

"ಏಯ್, ಏಳೇ! ನಮ್ಮ ಪಾಳಿ," ಎಂದು ಒಫೇಲಿಯಾ ಕೂಗಿದಳು. "ಇದೇನು ನಿಮ್ಮಪ್ಪನ ಮನೆ ಕುರ್ಚೀನಾ?"

"ನಿನಗೇನಮ್ಮಾ, ಶುಕ್ರವಾರಕ್ಕೆ ನೀನು ತಯಾರು. ನಾನು ಆಗಬೇಡ್ವಾ?"

"ಅದಕ್ಕೆ ನಾನೇನ್ ಮಾಡ್ಲಿ? ಚೀಟಿ ನಾನು ಬರೆದಿದ್ನಾ?"

ಅದೂ ನಿಜವೇ. ಒಫೇಲಿಯಾಳ ಮೇಲೆ ಕೂಗಾಡಿ ಪ್ರಯೋಜನವಿಲ್ಲವೆಂದು ನಿಲ್ಡಾಳಿಗೆ ಗೊತ್ತಿತ್ತು. ಅದರಿಂದ ಸಿಟ್ಟು ಇನ್ನೂ ಏರಿತು. ಕೀಲಿಗಳನ್ನು ಕುಟ್ಟತೊಡಗಿದಳು. ಮೊದಲ ಗಂಟೆಯಲ್ಲಿ ತಾವಾಗಿಯೇ ದಾರಿ ಹುಡುಕಿಕೊಂಡಿದ್ದ ಬೆರಳುಗಳು ಈಗ ಒಂದನ್ನೊಂದು ತುಳಿಯುತ್ತಿದ್ದವು. ಒಂದು ಕಾರ್ಡು ಬುಟ್ಟಿಗೆ ಹೋಯಿತು, ಹಿಂದೆಯೇ ಇನ್ನೊಂದು. ಯಾವ ಬೆರಳು ಎಲ್ಲಿ ಬೀಳುತ್ತಿದೆ ಎಂದು ನೋಡಿಕೊಳ್ಳಲು ಹೋದರೆ ಕೈಯೇ ನಿಂತುಬಿಡುತ್ತಿತ್ತು. ಸುಬಿಯಾಗಾ ಹೇಳಿದ್ದು ಸರಿ. ಒಂದು ಗಂಟೆಯೇ ಕೈಗೆ ಒಳ್ಳೆಯದು. ಹಾಗೆ ಅವನು ಸರಿಯಾಗಿದ್ದುದೇ ಅವಳ ಮೈ ಉರಿಸಿತು. ಸರಿಯಾದ ಮಾತನ್ನು ಇಟ್ಟುಕೊಂಡು ಲಾಮಾಸ್‌ನ ಕೋಣೆಯ ಮೆಟ್ಟಿಲು ಹತ್ತದೆ ಕೂತಿದ್ದಾನಲ್ಲ ಈ ಮನುಷ್ಯ!

"ಮೇಲೆ ಹೋಗಿ ಹೇಳಿ," ಎಂದಳು. "ನನಗೆ ಹೇಳಿದ್ದನ್ನೇ ಅವನಿಗೂ ಹೇಳಿ. ಹೇಳಿ ಬರೋವರೆಗೂ ನಾವ್ಯಾರೂ ಏಳಲ್ಲ."

ಸುಬಿಯಾಗಾ ಬಾಗಿಲ ಕಡೆ ನೋಡಿದ. ಒಫೇಲಿಯಾ ಸೊಂಟದ ಮೇಲೆ ಕೈಯಿಟ್ಟು, "ನನ್ನ ಮುಖ ಏನ್ ನೋಡ್ತೀರಿ? ಹೋಗ್ರೀ, ನಮಗೂ ಹೊತ್ತಾಗ್ತಿದೆ," ಎಂದಳು.

ಅವನು ಹೋದ. ಮೇಲಿನಿಂದ ಲಾಮಾಸ್‌ನ ಗಟ್ಟಿ ದನಿ ಕೇಳಿಸಿತು. ಸುಬಿಯಾಗಾನದು ಕೇಳಿಸಲೇ ಇಲ್ಲ. ಸ್ವಲ್ಪ ಹೊತ್ತಿಗೆ ಮುಖ ಬಿಳುಚಿಕೊಂಡು ಇಳಿದು ಬಂದ.

"ನಿಮ್ಮ ಗುಂಪಿನ ಪರೀಕ್ಷೆ ಮುಂದಕ್ಕೆ ಹಾಕಿದಾರೆ," ಎಂದ. "ಇವರಷ್ಟೇ ಅಭ್ಯಾಸ ಆದಮೇಲೆ ಅಂತೆ."

ಹೆಂಗಸರು ಒಮ್ಮೆಲೇ ಉಸಿರು ಬಿಟ್ಟರು. ಯಾರೋ ಚಪ್ಪಾಳೆ ತಟ್ಟಿದರು.

"ಆದರೆ ಸಂಶೋಧನೆ ಇವತ್ತಿಗೆ ಮುಗೀತು. ಶುಕ್ರವಾರ ಇವರ ಪರೀಕ್ಷೆ ಮುಗಿದ ಕೂಡಲೇ ನಿಮಗೂ ದಿನಾ ನಾಲ್ಕು ಗಂಟೆ. ಬೇಗ ಮುಗಿಸಿ ಅಂದ್ರು."

ನಿಲ್ಡಾ ನೋಯುತ್ತಿದ್ದ ಬೆರಳುಗಳನ್ನು ಮಡಿಸಿ ಬಿಡಿಸಿದಳು. "ಅಂದ್ರೆ ಕೈಗೆ ಹತ್ತದ ದಾರೀಲೇ ಕಲೀಬೇಕು ಇನ್ನು."

"ಹೌದು," ಎಂದ ಸುಬಿಯಾಗಾ. "ನೀವು ಗೆಲ್ತೀರಿ ಸೆನ್ಯೋರಾ. ಆದರೆ ದಿನಕ್ಕೊಂದು ಗಂಟೆಯಂತೆ ಆಗಿದ್ರೆ ಅಷ್ಟೇ ಅಭ್ಯಾಸಕ್ಕೆ ಇನ್ನೂ ಚೆನ್ನಾಗಿ ಕಲೀತಿದ್ರಿ. ಅದನ್ನ ತೋರಿಸೋಕೆ ನನಗಿನ್ನು ದಾರಿಯಿಲ್ಲ."

"ಬೆಳಿಗ್ಗೆ ಇತ್ತು," ಎಂದಳು ನಿಲ್ಡಾ. "ಲಾಮಾಸ್ ಆ ಮೆಟ್ಟಿಲ ಹತ್ರ ನಿಂತಿದ್ನಲ್ಲ, ಆಗ."

ಎದ್ದು ಕುರ್ಚಿಯನ್ನು ಹಿಂದಕ್ಕೆ ತಳ್ಳಿದಳು. ಒಫೇಲಿಯಾ ಬಂದು ಕೂತು, ಮಾಟೆಯ ಬಟ್ಟಲನ್ನು ಅವಳತ್ತ ಚಾಚಿದಳು. ನಿಲ್ಡಾ ತೆಗೆದುಕೊಂಡಳು. ಆದರೆ ಕೀಲಿ ಕುಟ್ಟಿ ಮರಗಟ್ಟಿದ್ದ ಬೆರಳುಗಳಲ್ಲಿ ಬಟ್ಟಲು ವಾಲಿ, ಹೀರುವ ಕೊಳವೆ ತುಟಿಗೆ ತಾಗುವಷ್ಟರಲ್ಲಿ ಅರ್ಧ ಅಂಗಿಯ ಮೇಲೆ ಚೆಲ್ಲಿತು. ಸುಬಿಯಾಗಾ ಕರವಸ್ತ್ರ ಚಾಚಿದ. ಅದನ್ನವಳು ಮುಟ್ಟಲಿಲ್ಲ.