ಚಾತುರ್ಮಾಸಕ್ಕೆ ಬಿಟ್ಟ ಗುಳಿಗೆ

ಚಹಾದ ಕಪ್ಪು ಬಸಿಗೆ ತಾಗಿ ಟಕಟಕ ಅನ್ನುತ್ತಿದೆ, ಅನ್ನಲಿ, ಪ್ರಮಿಳಾ ಚಹಾ ಕುಡಿದರೂ ಸದಾಶಿವ ಪೇಠೆಗೆಲ್ಲ ಕೇಳಿಸಬೇಕು, ನನ್ನ ನಾದಿನಿ ಅಲ್ಲವೇ, ಹತ್ತಕ್ಕೆ ಬರುತ್ತೇನೆ ಎಂದವಳು ಎಂಟೂವರೆಗೇ ಬಂದು ಕೂತಿದ್ದಾಳೆ, ನಾನು ಗುಳಿಗೆ ಕತ್ತರಿಸುವ ಹೊತ್ತು ನೋಡಿಯೇ — ಬ್ಲೇಡು ಹಿಡಿದಾಗ ಯಾರೂ ನೋಡಬಾರದು, ನೋಡಿದರೆ ಕೈ ತಪ್ಪುತ್ತದೆ, ಕೈ ತಪ್ಪಿದರೆ ಈ ಕಾಲು ಗುಳಿಗೆ ಪುಡಿ, ಪುಡಿಯನ್ನು ಬೆರಳಿಗಂಟಿಸಿ ನೆಕ್ಕಬೇಕು, ಮೂವತ್ತು ವರ್ಷ ಸಂಸ್ಕೃತ ಕಲಿಸಿದ ಇಂದುಮತಿ ಬಾಪಟ್ ಬೆರಳು ನೆಕ್ಕುತ್ತಾಳೆ, ಥೂ. ವೈನೀ, ಇನ್ನೂ ಬಿಟ್ಟಿಲ್ಲೇನ್ರಿ ಅದನ್ನ, ವರ್ಷ ಆತಲ್ಲ, ಅಷ್ಟು ಸಣ್ಣ ಚೂರಿಗೆ ಇಷ್ಟು ಮಡಿಯೇನು, ಮೋರಿಗೆ ಒಗದ ಬಿಡ್ರಿ. ಮೋರಿಗೆ. ಹೋದ ಆಷಾಢದಲ್ಲೂ ಇದೇ ಕುರ್ಚಿ, ಇದೇ ಬಾಯಿ, ಈರುಳ್ಳಿ ಯಾರ ಬೇಕಾದ್ರೂ ಬಿಡ್ತಾರ್ರಿ ವೈನಿ, ಚಾತುರ್ಮಾಸಕ್ಕ ಜೀವಕ್ಕ ಬೇಕಾದದ್ದು ಬಿಡಬೇಕು. ನಾನು ಬಿಟ್ಟೆ, ಮೂರ್ಖಳು, ವ್ರತಕ್ಕೆ ಮೊದಲು ಈರುಳ್ಳಿ ತಿಂದು ಮುಗಿಸುವ ಕಾಂದೇನವಮಿಯ ದಿನ ನಾಲ್ಕು ತಿಂಗಳಿಗಾಗುವಷ್ಟು ಈರುಳ್ಳಿ ಭಜಿ ತಿಂದೆ, ದಶಮಿಗೆ ಕೊನೆಯ ಗುಳಿಗೆ ನುಂಗಿದೆ, ಏಕಾದಶಿಗೆ ವಿಠ್ಠಲನ ಮುಂದೆ ನಿಂತು ಮುಗಿಯಿತು ಎಂದೆ. ಹನ್ನೊಂದು ವರ್ಷದ ಗುಳಿಗೆ ಮುಗಿಯಿತಂತೆ! ಈರುಳ್ಳಿ ಬಿಟ್ಟರೆ ಈರುಳ್ಳಿ ಸುಮ್ಮನಿರುತ್ತದೆ, ಇದು ಸುಮ್ಮನಿರುವುದಿಲ್ಲ ಎಂದು ಆ ವಿಠ್ಠಲನಾದರೂ ಹೇಳಬಾರದಿತ್ತೇ, ಅವನೂ ನಮ್ಮ ಮನೆ ಡಾಕ್ಟರ ಹಾಗೆಯೇ, ಸೊಂಟದ ಮೇಲೆ ಕೈಯಿಟ್ಟು ನೋಡುವವನು. ಅತ್ತೆ ಸತ್ತ ವರ್ಷ ಎದೆ ಡವಡವ, ನಿದ್ದೆಯಿಲ್ಲ ಎಂದರೆ ಹದಿನೈದು ದಿನ ತೊಗೋರಿ ಎಂದ ಮಹಾಶಯ, ಹದಿನಾರನೆಯ ದಿನ ಏನು ಮಾಡಬೇಕೆಂದು ಹೇಳಲಿಲ್ಲ, ಪ್ರತಿ ಸಲ ಚೀಟಿ ಬರೆದುಕೊಟ್ಟ, ನಾನೂ ಕೇಳಲಿಲ್ಲ, ಕೇಳದ್ದು ನನ್ನ ಜಾಣತನ. ಏಕಾದಶಿಗೆ ಬಿಟ್ಟೆ, ಹುಣ್ಣಿಮೆಗೆ ಬಿದ್ದೆ, ಅಡುಗೆಮನೆಯಲ್ಲಿ, ಮೈಯೆಲ್ಲ ಸೆಟೆದು ಕೈಕಾಲು ಬಡಿದುಕೊಂಡು, ಒಲೆಯ ಮೇಲೆ ಹಾಲು ಉಕ್ಕುತ್ತಿತ್ತಂತೆ, ಇವರು ಮೊದಲು ಗ್ಯಾಸ್ ಆರಿಸಿದರಂತೆ. ಪ್ರಮಿಳಾ ಬಳಗಕ್ಕೆಲ್ಲ ಫೋನು ಮಾಡಿ ವೈನಿಗೆ ವ್ರತ ನಡೀಲಿಲ್ಲ ಎಂದಳು. ಆಸ್ಪತ್ರೆಯಲ್ಲಿ ಮಗಳ ವಯಸ್ಸಿನ ಡಾಕ್ಟರಮ್ಮ ಬೈದಳು, ಒಮ್ಮೆಲೇ ಬಿಡೂದು ಅಂದರ ಏನ್ರಿ ಮೇಡಮ್, ಜೀವಾನ ಹೋಗತಿತ್ತು, ಒಂದು ಚೂರು ಇಳಸ್ರಿ, ಅಲ್ಲೇ ನಿಲ್ರಿ, ಮೈ ಒಪ್ಪಿದ ಮ್ಯಾಲೆ ನಾ ಹೇಳ್ತೀನಿ, ಆಮ್ಯಾಲೆ ಇನ್ನೊಂದು ಚೂರು. ನನಗೇ ಪಾಠ. ಸಿಟ್ಟು ಬಂತು, ಆದರೂ ಕೇಳಿದೆ, ಒಂದರಿಂದ ಮುಕ್ಕಾಲು, ಮುಕ್ಕಾಲರಿಂದ ಅರ್ಧ, ಅರ್ಧದಲ್ಲಿ ಮೂರು ತಿಂಗಳು ಸಿಕ್ಕಿಕೊಂಡೆ, ಕಿವಿಯಲ್ಲಿ ಗುಂಯ್, ಬಾಗಿಲ ಗಂಟೆಗೂ ಬೆಚ್ಚುವುದು, ಈಗ ಕಾಲು, ನೋಡು, ಅಂಚು ನೇರವಾಗಿ ಬಂತು.

ನೀವು ನಗಬ್ಯಾಡ್ರಿ ವೈನಿ, ನಾನೂ ಈ ಸಲ ಬಿಟ್ಟೀನಿ. ಏನು? ಅದನ್ನ, ನಿದ್ದಿ ಗುಳಿಗಿ, ಡಾಕ್ಟರು ನಿಮಗ ಕೊಟ್ಟಿದ್ದ, ನನಗೂ ಅದ, ಆರು ವರ್ಷ ಆತು, ಯಾರಿಗೂ ಹೇಳಿದ್ದಿಲ್ಲ, ಏಕಾದಶಿಗೆ ಸಂಕಲ್ಪ ಮಾಡಿ ಬಿಟ್ಟೆ, ನಿಮ್ಮಿಂದ ಆಗದ್ದು ನಾ ಮಾಡಿ ತೋರಸ್ತೀನಿ. ಆರು ವರ್ಷ! ನನ್ನನ್ನು ಗುಳಿಗೆಯವಳು ಎಂದು ಮದುವೆ ಮುಂಜಿಗಳಲ್ಲಿ ಆಡಿಕೊಂಡ ಬಾಯೊಳಗೆ ಆರು ವರ್ಷದಿಂದ ಅದೇ ಗುಳಿಗೆ, ಭೇಷ್, ಪ್ರಮಿಳಾಬಾಯಿ, ಭೇಷ್. ಮೂರು ರಾತ್ರಿ ಆತು ವೈನಿ, ನಿದ್ದಿನೇ ಇಲ್ಲ, ಮೈಯಾಗ ಏನೋ ಹರದಾಡಿಧಂಗ ಆಗ್ತದ, ಅದು ವ್ರತದ ತೇಜ ಅಂತಾರ ನಮ್ಮ ಭಜನಾ ಮಂಡಳಿಯವರು. ತೇಜವಂತೆ, ತಾಳ ಕುಟ್ಟುವವರಿಗೆ ಎಲ್ಲವೂ ತೇಜವೇ — ಏಕಾದಶಿ, ದ್ವಾದಶಿ, ತ್ರಯೋದಶಿ, ಇವತ್ತು ಚತುರ್ದಶಿ, ನಾಳೆ ಹುಣ್ಣಿಮೆ. ಟಕಟಕ. ಚಹಾ ಬಸಿಗೆ ಚೆಲ್ಲಿದೆ, ಸೀರೆಯ ಮೇಲೂ ಚೆಲ್ಲಿದೆ, ಇವಳಿಗೆ ಗೊತ್ತೇ ಆಗಿಲ್ಲ, ಹಣೆಯ ಗಂಧ ಬೆವರಿಗೆ ಇಳಿದಿದೆ. ಬೀಳಲಿ. ಬಿದ್ದರೆ ಗೊತ್ತಾಗುತ್ತದೆ, ನಾನೂ ಬಳಗಕ್ಕೆಲ್ಲ ಫೋನು ಮಾಡುತ್ತೇನೆ, ಪ್ರಮಿಳಾಗೆ ವ್ರತ ನಡೀಲಿಲ್ಲ, ಮೊದಲು ಯಾರಿಗೆ ಮಾಡಲಿ, ನಾಸಿಕದ ಓರಗಿತ್ತಿಗೆ — ಎಷ್ಟು ಕೀಳು ಹೆಂಗಸು ನಾನು, ಮನಸ್ಸಿನಲ್ಲಿ ಪಟ್ಟಿ ಕೂಡ ತಯಾರಾಯಿತು. ಇವಳ ಮನೆಯಲ್ಲಿ ಗ್ಯಾಸ್ ಆರಿಸುವುದಕ್ಕೂ ಯಾರಿಲ್ಲ, ಗಂಡ ಹೋಗಿ ಆರು ವರ್ಷ. ಆರು ವರ್ಷ. ನಾನು ಆಗಲೂ ಕೇಳಲಿಲ್ಲ, ನಿದ್ದೆ ಬರುತ್ತದೆಯೇ ಎಂದು.

ಪ್ರಮಿಳಾ, ಏಳು, ಡಾಕ್ಟರಮ್ಮನ ಕಡೆ ಹೋಗೂಣು. ಯಾಕ್ರಿ? ನಾಳೆ ಬೀಳ್ತಿ, ಅದಕ್ಕ. ಅಯ್ಯ, ಎಲ್ಲಾರೂ ನಿಮ್ಮಂಗ ಮೆತ್ತಗಿರ್ತಾರೇನು, ನಿಮಗ ನಂಬಿಕಿ ಕಡಿಮಿ ಇತ್ತು ಅದಕ್ಕ ಹಂಗಾತು, ನನಗ ವಿಠ್ಠಲ ಅದಾನ. ಗಟ್ಟಿ ಗೋಡೆ, ಬಾಪಟರ ಮನೆಯ ಮಗಳು, ಮಾತು ತಾಗುವುದಿಲ್ಲ, ಬುದ್ಧಿ ಹೇಳಿದರೆ ಇನ್ನೂ ಬಿಗಿಯುತ್ತಾಳೆ. ಬ್ಲೇಡು ಕೆಳಗಿಟ್ಟೆ. ಕುರ್ಚಿ ಎಳೆದು ಅವಳ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತೆ, ಕಪ್ಪು ಕಸಿದುಕೊಂಡೆ, ಬಾಯಿ ತೆರೆದೆ, ನಾಲಿಗೆ ಚಾಚಿದೆ, ಅರವತ್ತೊಂದು ವರ್ಷದ ಹೆಂಗಸು ನಾದಿನಿಗೆ ನಾಲಿಗೆ ಚಾಚಿ ಕೂತಿದ್ದೇನೆ, ಏನ್ರಿ ವೈನಿ ಇದು ಹುಡುಗಾಟಿಕಿ, ನಗುತ್ತಾಳೆ, ಅನ್ನು, ಏನಾದರೂ ಅನ್ನು, ನೋಡು, ಎಡಗಡೆ, ಅವತ್ತು ಬಿದ್ದಾಗ ನನ್ನ ಹಲ್ಲೇ ಕಚ್ಚಿ ಹರಿದದ್ದು, ಐದು ಹೊಲಿಗೆ, ಗಾಯ ಮಾಯ್ದ ಮೇಲೆ ಯಾರಿಗೂ ತೋರಿಸಿಲ್ಲ, ಅಂಚು ಕಿತ್ತುಹೋದ ನಾಲಿಗೆ — ನಗು ನಿಂತಿತು, ಅವಳ ಕೈ ತನ್ನ ಬಾಯಿಗೆ ಹೋಯಿತು, ಹತ್ತಿರ ಬಗ್ಗಿ ನೋಡುತ್ತಿದ್ದಾಳೆ, ನೋಡು, ಜೊಲ್ಲು ಇಳಿಯುತ್ತಿದೆ, ಇಳಿಯಲಿ, ನೀನು ಎದ್ದು ಚಪ್ಪಲಿ ಮೆಟ್ಟುವವರೆಗೆ ಒಳಗೆಳೆದುಕೊಳ್ಳುವುದಿಲ್ಲ ಈ ನಾಲಿಗೆ, ಈ ನಾಲಿಗೆ.