ಆಫ್ ಎಂದರೆ ರಜೆ

ಇಂಗ್ಲಿಷರ ಮೇಲೆ ಕೊರಗಪ್ಪನಿಗೆ ಹಳೆಯದೊಂದು ತಕರಾರಿತ್ತು. ಅಷ್ಟು ದೊಡ್ಡ ರಾಜ್ಯ ಆಳಿದವರು, ಮಾತಿನ ವಿಷಯದಲ್ಲಿ ಮಾತ್ರ ಇಷ್ಟು ಜಿಪುಣರು ಯಾಕೆ ಮಾರಾಯ್ರೆ? ಒಂದು ಪದ ಸಿಕ್ಕಿದರೆ ಅದನ್ನೇ ಹತ್ತು ಕೆಲಸಕ್ಕೆ ಹಚ್ಚುತ್ತಾರೆ. ‘ಪಾರ್ಟಿ’ ಅಂದರೆ ಊಟದ ಆರ್ಡರ್ ಕೊಟ್ಟವನೂ ಹೌದು, ವೋಟು ಕೇಳಲು ಬರುವವರೂ ಹೌದು, ಕುಡಿದು ಕುಣಿಯುವುದೂ ಹೌದು. ಮೊಬೈಲಿಗೆ ಹಾಕುವುದೂ ‘ಚಾರ್ಜ್’, ಪೊಲೀಸರು ಹಾಕುವುದೂ ‘ಚಾರ್ಜ್’. ಬೈಕುಲ್ಲಾ ಸ್ಟೇಷನ್ನಿನ ಪಕ್ಕದ ಹಳೇ ಉಡುಪಿ ಹೋಟೆಲಿನಲ್ಲಿ ಮೂವತ್ತೆರಡು ವರ್ಷ ಸೌಟು ಹಿಡಿದು ಹೆಡ್ ಕುಕ್ ಆದವನು ಅವನು. ಇಂಗ್ಲಿಷನ್ನು ಬೈದುಕೊಂಡೇ ಅದರಲ್ಲಿ ಅರ್ಧ ದಿನ ಕಳೆಯುತ್ತಿದ್ದ.

ಹೀಗಿರುವಾಗ ಕಾರ್ಕಳದಿಂದ ಶೀಲಾವತಿ ಬಂದಳು. ಮಾಲಕರ ದೂರದ ನೆಂಟರ ಪೈಕಿ, ಐವತ್ತರ ಹತ್ತಿರದ ಹೆಂಗಸು. ಬಂದು ಮೂರು ವಾರವೂ ಆಗಿರಲಿಲ್ಲ, ಮಾಲಕರು ಅವಳನ್ನು ಗಲ್ಲಾದ ಮೇಲೆ ಕೂರಿಸಿ ಫೋನಿನ ಕೆಲಸವನ್ನೂ ಒಪ್ಪಿಸಿಬಿಟ್ಟರು. ಅವಳ ಹಿಂದಿಯೆಲ್ಲ ಟೀವಿಯ ಧಾರಾವಾಹಿ ನೋಡಿ ಕಲಿತದ್ದು. ಅಡುಗೆಮನೆಯ ಬಾಗಿಲ ಪಕ್ಕದಲ್ಲಿ ಒಂದು ಬಿಳಿ ಬೋರ್ಡು ಉಂಟು. ಎಡಕ್ಕೆ ಕೆಲಸದವರ ಹೆಸರು, ಬಲಕ್ಕೆ ಡ್ಯೂಟಿಯೋ ಆಫೋ ಅಂತ ದಿನಾ ಬರೆಯಬೇಕು. ಅದನ್ನು ಅವಳಿಗೆ ಕಲಿಸಿದ್ದೂ ಕೊರಗಪ್ಪನೇ.

“ಆಫ್ ಅಂದ್ರೆ ಲೈಟ್ ಆರಿಸುದಲ್ವಾ ಕೊರಗಪ್ಪಣ್ಣ?”

“ಅದು ಲೈಟಿಗೆ. ಸೀರೆ ಅಂಗಡಿಯಲ್ಲಾದ್ರೆ ರೇಟು ಇಳಿಸುದು. ಇಲ್ಲಿ ಆಫ್ ಅಂದ್ರೆ ರಜೆ. ಈ ಬೋರ್ಡಿಗೆ ಬೇರೆ ಅರ್ಥ ಗೊತ್ತಿಲ್ಲ, ನಿಮಗೂ ಬೇಡ.”

ಇನ್ನೊಂದು ಅರ್ಥ ಇತ್ತು. ಮುಂಬಯಿಯ ಚಾಳುಗಳಲ್ಲಿ ಯಾರಾದರೂ ತೀರಿಕೊಂಡರೆ ‘ಆಫ್ ಹೋ ಗಯಾ’ ಅಂದುಬಿಡುತ್ತಾರೆ, ಸ್ವಿಚ್ಚು ಒತ್ತಿದಷ್ಟೇ ಸಲೀಸಾಗಿ. ಕೊರಗಪ್ಪನಿಗೆ ಅದು ಗೊತ್ತಿಲ್ಲದ್ದೇನಲ್ಲ, ನಾಲಿಗೆಯ ತುದಿಗೂ ಬಂದಿತ್ತು. ಹೊಸದಾಗಿ ಬಂದವರ ಹತ್ತಿರ ಬೆಳಿಗ್ಗೆ ಬೆಳಿಗ್ಗೆ ಸಾವಿನ ಮಾತು ಎಂತಕ್ಕೆ ಎಂದು ನುಂಗಿಕೊಂಡ.

ಆ ಶುಕ್ರವಾರ ಅಡುಗೆಮನೆಯಲ್ಲಿ ಎಲ್ಲವೂ ಎಡವಟ್ಟು. ಇಡ್ಲಿಯ ಸ್ಟೀಮರ್ ಮಧ್ಯಾಹ್ನವೇ ಕೈಕೊಟ್ಟಿತ್ತು, ತೆಂಗಿನಕಾಯಿಯವನು ಬಂದಿರಲಿಲ್ಲ. ಸಂಜೆ ಐದಕ್ಕೆ ಚಂದ್ರಾಮ ಗ್ರೈಂಡರ್ ತೊಳೆದಿಟ್ಟು, ಟವೆಲಿಗೆ ಕೈ ಒರೆಸಿಕೊಳ್ಳುತ್ತ ಬಂದು ನಿಂತ. ಇಂಡಿ ಕಡೆಯ ಮನುಷ್ಯ, ಇರುವುದು ಆಂಟಾಪ್ ಹಿಲ್ಲಿನಲ್ಲಿ. ಹನ್ನೆರಡು ವರ್ಷದಿಂದ ಆ ಹೋಟೆಲಿನ ಇಡ್ಲಿ, ದೋಸೆಯ ಹಿಟ್ಟು ರುಬ್ಬುವವನು ಅವನೇ. ಗಿರಾಕಿಗಳು ಇಡ್ಲಿಯನ್ನು ಹೊಗಳಿದಾಗ ಮೀಸೆ ತಿರುವುತ್ತಿದ್ದವನು ಕೊರಗಪ್ಪ. ಆ ಇಡ್ಲಿ ಹೂವಿನ ಹಾಗೆ ಬರುವುದು ಯಾರ ಕೈಯಿಂದ ಎಂದು ಒಳಗೊಳಗೇ ಗೊತ್ತಿದ್ದವನೂ ಅವನೇ.

“ಅಣ್ಣಾರ, ನಾಳಿಗೆ ಒಂದು ಆಫ್ ಬೇಕಾಗಿತ್ರಿ.”

“ನಾಳೆಯಾ? ತಲೆ ಸಮ ಉಂಟಾ ನಿನಗೆ? ಆದಿತ್ಯವಾರ ಮಾಟುಂಗದ ಮದುವೆಗೆ ಎಂಟುನೂರು ಇಡ್ಲಿ ಹೋಗ್ಬೇಕು. ಹಿಟ್ಟು ಯಾರು ರುಬ್ಬುದು, ನಿನ್ನ ಮಾವನಾ?”

“ಎದಿ ಒಂಥರಾ ಹಿಡದಂಗ ಆಗ್ತದ್ರಿ. ಎಡಗೈ ಜೋಮು ಬರ್ತದ. ಡಾಕ್ಟರಿಗೆ ತೋರಿಸ್ಬೇಕಂತ ಮಾಡೀನ್ರಿ.”

“ಗ್ಯಾಸು ಅದು! ರೊಟ್ಟಿಗೆ ಅಷ್ಟು ಹಸಿಮೆಣಸಿನ ಖಾರ ಬಡಿದು ತಿಂದ್ರೆ ಎದೆ ಹಿಡಿಯದೆ ಮತ್ತೆಂತ ಆಗ್ತದೆ?”

ಅಡುಗೆಮನೆ ನಕ್ಕಿತು. ಚಂದ್ರಾಮನೂ ನಕ್ಕ. ಆದರೆ ಜಾಗ ಬಿಟ್ಟು ಕದಲಲಿಲ್ಲ. “ಒಂದ ದಿನ ರೀ ಅಣ್ಣಾರ,” ಅಂದ ಮತ್ತೆ.

ಅಷ್ಟೊತ್ತಿಗೆ ಕೊರಗಪ್ಪನ ಪಿತ್ತ ನೆತ್ತಿಗೇರಿತ್ತು. “ಆಫ್, ಆಫ್, ಆಫ್! ಅಷ್ಟೂ ಬೇಕಿದ್ರೆ ಪರ್ಮನೆಂಟ್ ಆಫ್ ತಗೊಂಡು ಹೋಗು ಮಾರಾಯ. ಕೊಟ್ಟೆ, ಹೋಗು!”

ಈ ಸಲ ಯಾರೂ ನಗಲಿಲ್ಲ. ಚಂದ್ರಾಮ ಒಂದು ಕ್ಷಣ ಅವನ ಮುಖ ನೋಡಿದ. “ಆತ್ರಿ ಅಣ್ಣಾರ,” ಎಂದು ಟಿಫಿನ್ ಡಬ್ಬಿ ತೆಗೆದುಕೊಂಡು ಹೊರಟುಹೋದ.

ಆ ಮಾತು ಆಡಬಾರದಿತ್ತು ಅಂತ ಕೊರಗಪ್ಪನಿಗೆ ಆಗಲೇ ಅನ್ನಿಸಿತು. ಹನ್ನೆರಡು ವರ್ಷದಲ್ಲಿ ತಾನಾಗಿ ಎಷ್ಟು ಸಲ ರಜೆ ಕೇಳಿದ್ದಾನೆ ಆಸಾಮಿ? ಬೆರಳು ಮಡಚಲು ಹೋದರೆ ಎರಡನೆಯ ಬೆರಳಿಗೇ ನಿಂತಿತು. ಹಾಳು ಬಾಯಿ, ಯಾವಾಗಲೂ ಕೈಗಿಂತ ಮುಂದೆ ಓಡುತ್ತದೆ. ತಪ್ಪಾಯಿತು ಅಂತ ಬಾಯಿಬಿಟ್ಟು ಹೇಳುವ ಜಾಯಮಾನವೂ ಅವನದ್ದಲ್ಲ. ಅದಕ್ಕೆ ಶನಿವಾರ ಬೆಳಿಗ್ಗೆ ಶುಂಠಿ, ಕಾಳುಮೆಣಸು, ಕೊತ್ತಂಬರಿ ಜಜ್ಜಿ ಒಂದು ಲೋಟ ಕಷಾಯ ಮಾಡಿ, ತಟ್ಟೆ ಮುಚ್ಚಿ ಒಲೆಯ ಮಗ್ಗುಲಲ್ಲಿ ಬೆಚ್ಚಗೆ ಇಟ್ಟ. ಚಂದ್ರಾಮ ಹನ್ನೆರಡಕ್ಕೆ ಬರುತ್ತಾನೆ. ಬಂದ ಕೂಡಲೇ ಲೋಟ ಅವನ ಮುಂದೆ ಕುಕ್ಕಿ, ‘ಕುಡಿ, ಕುಡಿದು ಡಾಕ್ಟರ ಹತ್ತಿರ ಹೋಗು, ಇವತ್ತು ನಾನೇ ರುಬ್ತೇನೆ’ ಅನ್ನುವುದು. ಅಷ್ಟು ಅಂದರೆ ಅವನಿಗೆ ಅರ್ಥ ಆಗುತ್ತದೆ. ಅವರಿಬ್ಬರ ನಡುವೆ ಅಷ್ಟೇ ಸಾಕಾಗಿತ್ತು.

ಹನ್ನೊಂದಕ್ಕೆ ಹೊರಗೆ ಬಂದವನು ಬೋರ್ಡು ನೋಡಿದ. ಶೀಲಾವತಿಯ ದುಂಡು ಅಕ್ಷರದಲ್ಲಿ ಬರೆದಿತ್ತು: ಚಂದ್ರಾಮ, ಆಫ್.

ಒಂದು ಗಳಿಗೆ ಅವನಿಗೆ ನಂಬಿಕೆಯೇ ಬರಲಿಲ್ಲ. ಆಮೇಲೆ ಬಂತು ನೋಡಿ ಸಿಟ್ಟು! ನಿನ್ನೆಯ ಮಾತನ್ನೇ ಹಿಡಿದುಕೊಂಡು ಕೂತನಾ ಈ ಗಂಡು? ಸೇಡು ತೀರಿಸುವುದಕ್ಕೆ ಎಂಟುನೂರು ಇಡ್ಲಿಯ ದಿನವೇ ಸಿಕ್ಕಿತಾ? ಎಂಟು ಗಂಟೆಯಿಂದ ಕಷಾಯ ಕಾಯಿಸಿಟ್ಟು ದಾರಿ ನೋಡುತ್ತಿರುವ ತಾನೊಬ್ಬ ಬೆಪ್ಪ! ಮೊಬೈಲ್ ತೆಗೆದು ಚಂದ್ರಾಮನಿಗೆ ಹಚ್ಚಿದ. ಸ್ವಿಚ್ ಆಫ್ ಅಂತ ಒಬ್ಬಳು ಹಿಂದಿಯಲ್ಲಿ ಹೇಳಿದಳು.

“ಕೇಳಿದ್ರಾ?” ಎಂದು ಅಡುಗೆಮನೆಗೆ ಕೇಳುವ ಹಾಗೆ ಕೂಗಿದ. “ಜನವೂ ಆಫ್, ಫೋನೂ ಆಫ್!” ಎಲ್ಲರೂ ನಕ್ಕರು. ಅವನೂ ನಕ್ಕ.

ಒಲೆ ಒರೆಸುವ ಬಟ್ಟೆ ತಂದು ಬೋರ್ಡಿನ ಮೇಲಿದ್ದ ಚಂದ್ರಾಮನ ಹೆಸರನ್ನು ತಾನೇ ಉಜ್ಜಿ ಅಳಿಸಿದ. ಹನ್ನೆರಡು ವರ್ಷ ಅದೇ ಜಾಗದಲ್ಲಿದ್ದ ಹೆಸರು, ಒಂದೇ ಸಲಕ್ಕೆ ಹೋಗಲಿಲ್ಲ, ಎರಡು ಸಲ ತಿಕ್ಕಬೇಕಾಯಿತು. ಕಷಾಯವನ್ನು ಮೋರಿಗೆ ಸುರಿದ. ಮಾಟುಂಗದ ಗುರ್ತದವರಿಗೆ ಫೋನ್ ಮಾಡಿ, ಗ್ರೈಂಡರಿಗೆ ಒಬ್ಬರನ್ನು ಕಳಿಸಿ, ಇವತ್ತಿಗೆ ಮಾತ್ರ ಅಲ್ಲ, ಕಾಯಮ್ಮಿಗೇ ಅಂತ ಹೇಳಿದ.

ಊಟದ ಗಲಾಟೆ ಮುಗಿಯುವಾಗ ಎರಡೂವರೆ. ಶೀಲಾವತಿ ತಟ್ಟೆ ಹಿಡಿದು ಅನ್ನಕ್ಕೆ ಒಳಗೆ ಬಂದವಳು ಬೋರ್ಡಿನ ಮುಂದೆ ನಿಂತಳು.

“ಅವನ ಹೆಸರು ಎಂತಕ್ಕೆ ಒರೆಸಿದ್ದು ಕೊರಗಪ್ಪಣ್ಣ? ಪಾಪ, ಹೇಳದೆ ಕೂತದ್ದಲ್ಲ ಅವ. ಫೋನ್ ಮಾಡಿಸಿದ್ದ.”

“ಮಾಡಿಸಿದ್ದಾ? ಅವನೇ ಮಾತಾಡಿದ್ದಲ್ವಾ?”

“ಅಲ್ಲ. ಬಾಜುಮನೆಯವರಂತೆ, ಅನಿಲ ಅಂತ. ಹತ್ತು ಗಂಟೆಗೆ. ಎದುರಿಗೆ ಬಿಲ್ಲು ಹಿಡಿದು ನಾಲ್ಕು ಜನ ನಿಂತಿದ್ರು, ಅದರ ಮಧ್ಯೆ.”

ಕೊರಗಪ್ಪನ ಕೈಯಲ್ಲಿದ್ದ ಸೌಟು ಸಾರಿನ ಪಾತ್ರೆಯ ಮೇಲೆ ಹಾಗೇ ನಿಂತಿತು. “ಅವರು ಎಂತ ಹೇಳಿದ್ರು ಅಕ್ಕ? ಅವರು ಹೇಳಿದ ಹಾಗೇ ಹೇಳಿ.”

ಶೀಲಾವತಿಗೆ ತನ್ನ ಹಿಂದಿಯ ಪರೀಕ್ಷೆ ನಡೆಯುತ್ತಿದೆ ಅನ್ನಿಸಿರಬೇಕು, ಉತ್ಸಾಹದಿಂದಲೇ ಒಪ್ಪಿಸಿದಳು. “‘ಚಂದ್ರಾಮ್ ಭಾವು ಆಫ್ ಹೋ ಗಯಾ, ಹೋಟೆಲ್ ಮೇ ಸಬ್ ಕೋ ಬೋಲ್ ದೇನಾ’ ಅಂದ್ರು, ಎಲ್ಲರಿಗೂ ಹೇಳ್ಬೇಕಂತೆ. ನಾನು ‘ಠೀಕ್ ಹೈ, ಠೀಕ್ ಹೈ’ ಅಂದೆ. ‘ಕಲ್ ಆಯೇಗಾ ನಾ?’ ಅಂತಲೂ ಕೇಳಿದೆ. ಅವರು ಎಂತದೂ ಹೇಳ್ಲಿಲ್ಲ, ಫೋನ್ ಇಟ್ಟುಬಿಟ್ರು. ಈ ಊರಿನವರಿಗೆ ಮರ್ಯಾದೆಯೇ ಇಲ್ಲ.”

ಹೋ ಗಯಾ. ರಜೆಯಾಗಿದ್ದರೆ ‘ಆಫ್ ಪೆ ಹೈ’ ಅನ್ನುತ್ತಿದ್ದರು, ‘ಆಫ್ ಲಿಯಾ ಹೈ’ ಅನ್ನುತ್ತಿದ್ದರು. ಆಫ್ ಹೋ ಗಯಾ ಅಂದರೆ ಈ ಊರಿನಲ್ಲಿ ಒಂದೇ ಒಂದು. ಕೊರಗಪ್ಪ ಉದ್ದಿನಬೇಳೆಯ ಮೂಟೆಯ ಮೇಲೆ ಕುಸಿದು ಕೂತ. ಎದೆ ಹಿಡಿಯುತ್ತದೆ ಅಂದಿದ್ದನಲ್ಲ, ಎಡಗೈ ಅಂದಿದ್ದನಲ್ಲ ದೇವರೇ!

“ಎಂತ ಆಯ್ತು?” ಶೀಲಾವತಿ ಗಾಬರಿಯಾದಳು. “ನಾನು ತಪ್ಪು ಬರೆದೆನಾ? ಆಫ್ ಅಂದ್ರೆ ರಜೆ ಅಂತ ನೀವೇ ಹೇಳಿದ್ದಲ್ವಾ?”

“ಹೌದಕ್ಕ,” ಅಂದ ಕೊರಗಪ್ಪ. “ನಾನೇ ಹೇಳಿದ್ದು.”

ಎಣ್ಣೆಯ ಕಲೆಯ ಬನಿಯನ್ನಿನ ಮೇಲೆ ಒಂದು ಅಂಗಿ ಸಿಕ್ಕಿಸಿಕೊಂಡು ಅವನು ಟ್ಯಾಕ್ಸಿ ಹತ್ತಿದ. ವಡಾಲ ದಾಟುವವರೆಗೂ ಒಂದೇ ಆಸೆ ಹಿಡಿದು ಕೂತಿದ್ದ: ಶೀಲಾವತಿಯ ಹಿಂದಿ ಸುಳ್ಳಾಗಲಿ. ಅವಳಿಗೆಲ್ಲಿ ಬರುತ್ತದೆ ಹಿಂದಿ? ಏನೋ ಕೇಳಿ ಏನೋ ಹೇಳಿರುತ್ತಾಳೆ. ಬಾಗಿಲಲ್ಲಿ ಚಂದ್ರಾಮ ಕೂತು, ‘ಇದೇನ್ರಿ ಅಣ್ಣಾರ, ನೀವು ಇಲ್ಲಿತನಕ?’ ಅಂತ ಕೇಳಲಿ. ಕೇಳಿದರೆ ಅಲ್ಲೇ, ಎಲ್ಲರೆದುರಿಗೇ ಅವನ ಕಾಲು ಹಿಡಿಯುತ್ತೇನೆ ಅಂದುಕೊಂಡ.

ಚಾಳಿನ ಬಾಯಲ್ಲೇ ಜನ ನಿಂತಿದ್ದರು. ಬಿದಿರು ತಂದು ಗೋಡೆಗೆ ಒರಗಿಸಿದ್ದರು. ಹೋಟೆಲಿನವನು ಅಂತ ಗುರುತಿಸಿ ಒಬ್ಬ ನಡುವಯಸ್ಸಿನವನು ಅಡ್ಡ ಬಂದ. ಅವನೇ ಅನಿಲ.

“ಮನುಷ್ಯ ಸತ್ತ ಅಂತ ಹೇಳಿದ್ರೆ ನಿಮ್ಮವರು ಠೀಕ್ ಹೈ ಅಂತಾರೆ,” ಎಂದ ಹಿಂದಿಯಲ್ಲಿ. “ನಾಳೆ ಬರ್ತಾನಾ ಅಂತ ಕೇಳ್ತಾರೆ. ಏನು ಜನ ರೀ ನೀವು?”

ಕೊರಗಪ್ಪ ಕೈಮುಗಿದ. ಮುಗಿದ ಕೈಯಲ್ಲೇ ಒಳಗೆ ಹೋದ.

ಒಂದೇ ಕೋಣೆಯ ಮನೆ. ಚಂದ್ರಾಮನನ್ನು ಚಾಪೆಯ ಮೇಲೆ ಮಲಗಿಸಿ ಎದೆಯ ತನಕ ಬಿಳಿ ಬಟ್ಟೆ ಹೊದಿಸಿದ್ದರು. ಇಂಡಿಯಿಂದ ತಮ್ಮ ಬರುವುದಕ್ಕೆ ಕಾಯುತ್ತಿದ್ದರು. ಕೈ ಹೊರಗಿತ್ತು. ಹನ್ನೆರಡು ವರ್ಷ ನೀರು, ಹಿಟ್ಟಿನಲ್ಲಿ ನೆನೆದು ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿದ್ದವು. ಉಗುರ ಸಂದಿಯಲ್ಲಿ ನಿನ್ನೆಯ ಉದ್ದಿನ ಹಿಟ್ಟು ಒಣಗಿ ಕೂತಿತ್ತು. ಕೊರಗಪ್ಪನಿಗೆ ಅದನ್ನು ನೋಡಲಾಗಲಿಲ್ಲ, ಮುಖ ತಿರುಗಿಸಿದ.

ಚಂದ್ರಾಮನ ಹೆಂಡತಿ ಶಿವಕುಮಾರಿ ಅವನನ್ನು ಕಂಡವಳೇ ಎದ್ದು ಬಂದಳು. ಬೈಯುತ್ತಾಳೆ ಅಂದುಕೊಂಡ. ಬೈಯಲಿ, ಕಪಾಳಕ್ಕೆ ಬಾರಿಸಲಿ, ಅಷ್ಟಾದರೂ ಆಗಲಿ ಅಂತ ತಲೆತಗ್ಗಿಸಿ ನಿಂತ.

“ಬಂದ್ರ್ಯಾ ಅಣ್ಣಾರ,” ಅವಳ ದನಿ ಒಡೆದಿತ್ತು. “ನಿನ್ನಿ ಸಂಜೀಕ ಮನಿಗೆ ಬಂದು ನಕ್ಕೋತ ಹೇಳಿದ್ರು. ‘ನಮ್ಮ ಹೆಡ್ ಅಣ್ಣಾರು ಬಾಯಿಲೆ ಅಷ್ಟ ಗಡಸ ನೋಡು, ಕೇಳಿದ ಕೂಡ್ಲೇ ಆಫ್ ಕೊಟ್ರು’ ಅಂದ್ರು. ಮುಂಜಾನೆ ಎಂಟಕ್ಕ ಡಾಕ್ಟರ್ ಕಡೆ ಹೋಗಾಕಂತ ಚಪ್ಪಲಿ ಮೆಟ್ಟಗೊಂಡ್ರು. ಹೊಸ್ತಿಲ ಮ್ಯಾಲ ಕುಂತ್ರು. ಮತ್ತ ಏಳಲಿಲ್ಲ.”

ಅವಳು ಸೆರಗಿನಿಂದ ಬಾಯಿ ಒತ್ತಿಕೊಂಡು ಸುಧಾರಿಸಿಕೊಂಡಳು.

“ನಿಮ್ಮ ಪುಣ್ಯೇದಿಂದ ನಮ್ಮ ಕಣ್ಣ ಮುಂದರ ಹೋದ್ರು ಅಣ್ಣಾರ. ನೀವು ಆಫ್ ಕೊಡದಿದ್ರ ಎಲ್ಲಿ ಲೋಕಲ್‌ನಾಗ, ಯಾವ ಸ್ಟೇಷನ್‌ನಾಗ ಬೀಳ್ತಿದ್ರೋ ಏನೋ. ನೀರು ಕುಡಸಾಕೂ ಯಾರೂ ಇರ್ತಿರಲಿಲ್ಲ.”

ಕೊರಗಪ್ಪನ ಬಾಯಿ ತೆರೆಯಿತು. ಹೇಳಿಬಿಡಬೇಕು. ನಾನು ಕೊಡಲಿಲ್ಲ ತಂಗಿ, ಅವನ ನೋವಿಗೆ ನಕ್ಕೆ, ಹಾಳು ಮಾತು ಆಡಿದೆ, ಹೆಂಡತಿಗೆ ಸಂಕಟ ಆಗಬಾರದು ಅಂತ ಅವನು ಆ ಮಾತನ್ನು ತೊಳೆದು ತಂದು ನಿನ್ನ ಮುಂದೆ ಇಟ್ಟಿದ್ದಾನೆ ಅಂತ. ಹನ್ನೆರಡು ವರ್ಷ ತನ್ನ ಬಾಯಿಯ ಕೊಳೆಯನ್ನೆಲ್ಲ ಅವನು ಹೀಗೇ ತೊಳೆಯುತ್ತಿದ್ದನೋ ಏನೋ ಎಂದು ಅವನಿಗೆ ಈಗ ಹೊಳೆಯಿತು.

ಅಪ್ಪನ ತಲೆಯ ಹತ್ತಿರ ಕೂತಿದ್ದ ಮಗಳು ಸೋನಾಲಿ ಕತ್ತೆತ್ತಿದಳು. ಕಾಲೇಜಿಗೆ ಹೋಗುವ ಹುಡುಗಿ, ಕನ್ನಡ ತಡವರಿಸುತ್ತದೆ. ಅವ್ವ ಹೇಳಿದ್ದು ಪೂರ್ತಿ ನಿಜವೋ, ಅಪ್ಪ ಸಮಾಧಾನಕ್ಕೆ ಹೇಳಿದ್ದೋ ಎಂದು ಅವಳಿಗೆ ತಿಳಿಯಬೇಕಾಗಿತ್ತು. ಅತ್ತು ಕೆಂಪಾದ ಕಣ್ಣಿನಿಂದ ನೆಟ್ಟಗೆ ಅವನನ್ನೇ ನೋಡಿದಳು.

“ಅಂಕಲ್, ಪಪ್ಪಾಗೆ ಆಫ್ ಆಪ್ ನೇ ಹೀ ದಿಯಾ ಥಾ ನಾ?”

ಕೋಣೆಯಲ್ಲಿದ್ದವರೆಲ್ಲ ಅವನ ಕಡೆ ತಿರುಗಿದರು. ಕೊರಗಪ್ಪ ಚಾಪೆಯ ಮೇಲಿದ್ದ ಮುಖ ನೋಡಿದ. ಅದು ನಿನ್ನೆಯ ಹಾಗೇ, ‘ಆತ್ರಿ ಅಣ್ಣಾರ’ ಅನ್ನುವ ಹಾಗೆಯೇ ಇತ್ತು.

“ಹೌದು ಮಗಾ,” ಅಂದ. “ನಾನೇ ಕೊಟ್ಟದ್ದು.”

ಸೋನಾಲಿ ಎರಡೂ ಕೈ ಜೋಡಿಸಿ, “ಥ್ಯಾಂಕ್ಯೂ ಅಂಕಲ್,” ಎಂದಳು.